ಕಾಗದದ ತಟ್ಟೆಯ ಮೇಲೊಂದು ಜಾಲತಾಣ

ಮಿರಬೂಲ್ ಊರಿನಲ್ಲಿ ಕೈಯಿಂದ ಮಾಡಿದ ಯಾವ ವಸ್ತುವೇ ಆಗಲಿ, ಅದನ್ನು ಬಿಳಿ ಕಾಗದದ ತಟ್ಟೆಯ ಮೇಲಿಟ್ಟು ತೀರ್ಪುಗಾರರು ನೋಡುವ ತನಕ ಮಾಡಿದ್ದೆಂದು ಲೆಕ್ಕಕ್ಕೆ ಬರುವುದಿಲ್ಲ. ಇದು ಯಾರೊಬ್ಬರ ಅಭಿಪ್ರಾಯವಲ್ಲ. ಮಿರಬೂಲ್ ಕೃಷಿ ಮತ್ತು ತೋಟಗಾರಿಕೆ ಪ್ರದರ್ಶನ ಸಂಘದ ನಿಯಮ. ಕೇಕಿಗೂ ಇದೇ, ಜಾಮಿಗೂ ಇದೇ, ಹೆಣೆದ ಕಾಲುಚೀಲಕ್ಕೂ ಇದೇ. ಕುರಿಗಳಿಗೆ ರೋಗ ಬಂದ ವರ್ಷವೂ ನಮ್ಮ ವಾರ್ಷಿಕ ಪ್ರದರ್ಶನ ನಿಲ್ಲಲಿಲ್ಲ, ತಟ್ಟೆಯ ಬಣ್ಣವೂ ಬದಲಾಗಲಿಲ್ಲ.

ಇಂಥ ಸಂಘಕ್ಕೆ ಒಂದು ಜಾಲತಾಣ ಬೇಕೆನ್ನಿಸಿದ್ದು ಪಕ್ಕದ ಊರಿನ ಸಂಘಕ್ಕೆ ಒಂದು ಇದ್ದುದರಿಂದ. ಬೇರೆ ಕಾರಣವನ್ನು ಯಾರೂ ಕೇಳಲಿಲ್ಲ.

ಕೆಲಸವನ್ನು ಟ್ಯಾಮ್ಸಿನ್ ರೂಕ್ ಎಂಬ ಯುವತಿಗೆ ಒಪ್ಪಿಸಲಾಯಿತು. ಆಕೆ ಅಡಿಲೇಡ್ ನಗರದಲ್ಲಿ ವಿನ್ಯಾಸ ಕಲಿತು ಬಂದವಳು. ಯಾರ ಕೈಕೆಳಗೂ ದುಡಿಯದೆ, ತಾಯಿ ಗ್ವೆಂಡಾಳ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ವತಂತ್ರವಾಗಿ ಜಾಲತಾಣ ಮಾಡಿಕೊಡುವುದಾಗಿ ಊರಿಗೆಲ್ಲ ತಿಳಿಸಿದ್ದಳು. ಊರು ಆಕೆಗೆ ಪೂರ್ಣ ಬೆಂಬಲ ಸೂಚಿಸಿತು. ಎಲ್ಲರೂ ಕೇಳಿದ್ದು ಒಂದೇ ಮಾತು: "ಈ ಮುಂಚೆ ಯಾರಿಗೆ ಮಾಡಿಕೊಟ್ಟಿದೀಯಮ್ಮ?" ಯಾರಿಗೂ ಇಲ್ಲ ಎಂದಾಗ, ಯಾರಿಗಾದರೂ ಮಾಡಿಕೊಟ್ಟ ಮೇಲೆ ಬರುವಂತೆ ಸೌಜನ್ಯದಿಂದಲೇ ಹೇಳಿ ಕಳಿಸುತ್ತಿದ್ದರು.

ನದಿಯಾಚೆ ದ್ರಾಕ್ಷಿ ತೋಟವನ್ನೂ ವೈನ್ ಅಂಗಡಿಯನ್ನೂ ಇಟ್ಟುಕೊಂಡಿರುವ ನೈಜೆಲ್ ಸ್ಟೋಕೊ ಮಾತ್ರ ಸ್ವಲ್ಪ ಉದಾರಿ. "ಪ್ರದರ್ಶನದ ಭಾನುವಾರದೊಳಗೆ ನೀನು ಮಾಡಿದ್ದು ಒಂದನ್ನ ತೋರಿಸು, ಕೆಳಗೆ ನಿನ್ನ ಹೆಸರಿರ್ಬೇಕು. ನಮ್ಮ ತೋಟದ ಜಾಲತಾಣದ ಕೆಲಸ ಪೂರ್ತಿ ನಿಂದೇ. ಇಲ್ಲಾಂದ್ರೆ ಅಡಿಲೇಡ್‌ನೋರಿಗೆ ಕೊಟ್ಬಿಡ್ತೀನಿ, ಬೇಜಾರು ಮಾಡ್ಕೋಬೇಡ," ಎಂದಿದ್ದ. ಅಡಿಲೇಡ್‌ನವರಿಗೆ ಹೋದರೆ ಟ್ಯಾಮ್ಸಿನ್ ಮುಂದಿನ ವಾರದಿಂದ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ಜೋಡಿಸಲು ನಿಲ್ಲಬೇಕಿತ್ತು. ಗ್ವೆಂಡಾ ಆ ಕೆಲಸಕ್ಕೆ ಆಗಲೇ ಮಾತಾಡಿಟ್ಟಿದ್ದಳು.

ಟ್ಯಾಮ್ಸಿನ್ ಚೆನ್ನಾಗಿಯೇ ದುಡಿದಳು. ಕೊಯ್ದ ಗೋಧಿ ಹೊಲದ ಬಣ್ಣ. ಪುಟ ತೆರೆದರೆ ಒಂದು ಕುರಿ ಎಡದಿಂದ ಬಲಕ್ಕೆ ನಡೆದುಹೋಗಿ, ಬೇಲಿಯ ಬಳಿ ನಿಂತು ತಿರುಗಿ ನೋಡುತ್ತಿತ್ತು. ಎಲ್ಲ ಸಿದ್ಧವಾದ ಮೇಲೆ ಸಮಿತಿಯ ಒಪ್ಪಿಗೆಗೆ ತಂದಳು.

ಅಧ್ಯಕ್ಷ ಮರ್ವ್ ಟಿಲ್‌ಬ್ರೂಕ್, ಕುರಿಯನ್ನು ಎರಡು ಸಲ ನಡೆಸಿ ನೋಡಿ, ಮೆಚ್ಚಿ, ಒಂದು ತಾಂತ್ರಿಕ ಅಡಚಣೆಯನ್ನು ಸಭೆಯ ಗಮನಕ್ಕೆ ತಂದ. ಸಂಘದ ಹೆಸರು ಹೊತ್ತ ಯಾವ ಕೈಕೆಲಸವನ್ನೂ ಪ್ರದರ್ಶನದಲ್ಲಿ ತೀರ್ಪಾಗದೆ ಸ್ವೀಕರಿಸುವಂತಿಲ್ಲ.

"ತೀರ್ಪಾಗ್ಲಿ. ಯಾವ ವಿಭಾಗದಲ್ಲಿ?" ಎಂದಳು ಟ್ಯಾಮ್ಸಿನ್. ಅವಳಿಗೆ ಇದು ತಮಾಷೆ ಎನ್ನಿಸಿತ್ತು. ವಯಸ್ಸು ಚಿಕ್ಕದು.

ಸಭೆ ಗಂಭೀರವಾಗಿ ಚರ್ಚಿಸಿತು. ಕುರಿ ಇದೆಯಾದರೂ ಉಣ್ಣೆ ಮುಟ್ಟಿ ನೋಡಲಾಗದ ಕಾರಣ ಜಾನುವಾರು ವಿಭಾಗ ಅದನ್ನು ನಿರಾಕರಿಸಿತು. ಹೂವಿನ ವಿಭಾಗದವರು ಹೂದಾನಿಯಲ್ಲಿ ನಿಲ್ಲುವುದೇ ಎಂದು ವಿಚಾರಿಸಿ ಕೈಬಿಟ್ಟರು. ಆಗ ಅಡುಗೆ ವಿಭಾಗದ ಮುಖ್ಯಸ್ಥೆ ಲೊರೇನ್ ಪಫೆಟ್ ಕನ್ನಡಕ ಸರಿಮಾಡಿಕೊಂಡರು.

"ಎಲ್ಲಿ ಕೂತು ಮಾಡ್ದೆ ಇದನ್ನ?"

"ಅಮ್ಮನ ಅಡುಗೆಮನೇಲಿ."

"ಮತ್ತಿನ್ನೇನು? ಅಡುಗೆಮನೇಲಿ ಆಗಿದ್ದು ಅಡುಗೆ ವಿಭಾಗಕ್ಕೆ. ಹಣ್ಣಿನ ಕೇಕು ಆದ್ಮೇಲೆ, ಕಿತ್ತಳೆ ಮಾರ್ಮಲೇಡ್‌ಗೆ ಮುಂಚೆ ಇಡೋಣ."

ನಿರ್ಣಯ ಮಂಡನೆಯಾಯಿತು, ಅನುಮೋದನೆಯಾಯಿತು, ಚಹಾ ಬಂತು.

ಮುಂದಿನದೆಲ್ಲ ನಿಯಮದಂತೆ ನಡೆಯಿತು. ವಿದ್ಯುತ್ ತಂತಿ ತಾಗಿಸಿದ ವಸ್ತುವಿಗೆ ಅಡುಗೆ ವಿಭಾಗದ ಮೇಜಿನಲ್ಲಿ ಅವಕಾಶವಿಲ್ಲವಾದ್ದರಿಂದ, ಜಾಲತಾಣವನ್ನು ಕಾಗದದ ಮೇಲೆ ಮುದ್ರಿಸಿ, ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿ ತರಬೇಕು. ಸ್ಕೋನ್ ಎಂಬ ಪುಟ್ಟ ಬನ್ನುಗಳಂತೆ ಒಂದು ತಟ್ಟೆಗೆ ನಾಲ್ಕೇ ಇರಬೇಕು. ಟ್ಯಾಮ್ಸಿನ್ ಮಾಡಿದ್ದು ಏಳು ಪುಟ. ಮೂರನ್ನು ಬಿಡಬೇಕಾಯಿತು, ಅವುಗಳಲ್ಲಿ 'ನಮ್ಮನ್ನು ಸಂಪರ್ಕಿಸಿ' ಎಂಬುದೂ ಒಂದು.

"ಇದು ಇಲ್ದೆ ಜನ ನಿಮ್ಮನ್ನ ಹೇಗೆ ಸಂಪರ್ಕ ಮಾಡ್ತಾರೆ ಮರ್ವ್?"

"ನನ್ನ ಮನೆ ಎಲ್ಲಿದೆ ಅಂತ ಎಲ್ರಿಗೂ ಗೊತ್ತಲ್ಲೇ! ನಾಯಿ ಕಟ್ಟಿರ್ತೀನಿ ಬಿಡು."

ಇಷ್ಟಕ್ಕೂ ಅವಳು ಒಪ್ಪಿದಳು. ಒಪ್ಪದೆ ನಿಂತದ್ದು ಹೆಸರಿನ ವಿಷಯಕ್ಕೆ. ತೀರ್ಪುಗಾರರಿಗೆ ಮಾಡಿದವರ ಗುರುತು ಸಿಗಬಾರದು. ಹೆಸರಿನ ಚೀಟಿ ತೀರ್ಪು ಮುಗಿಯುವ ತನಕ ಮಡಚಿಯೇ ಇರಬೇಕು. ಆದ್ದರಿಂದ ಪುಟದ ಕೆಳಗಿದ್ದ 'ವಿನ್ಯಾಸ: ಟ್ಯಾಮ್ಸಿನ್ ರೂಕ್' ಎಂಬ ಸಾಲನ್ನು ಕತ್ತರಿಸುವಂತೆ ಲೊರೇನ್ ಸೂಚಿಸಿದರು.

"ಲೊರೇನ್, ನಾನಿದನ್ನ ಮಾಡಿದ್ದೇ ಆ ಸಾಲಿಗೋಸ್ಕರ. ಹೆಸರಿಲ್ದೆ ನೈಜೆಲ್‌ಗೆ ಏನಂತ ತೋರಿಸ್ಲಿ?"

"ನೋಡಮ್ಮ, ನಮ್ಮ ಸ್ವಂತ ಅತ್ತಿಗೆ ನಿಂಬೆ ಜಾಮು ಬಾಟ್ಲಿಗೆ ಮನೆ ಪರದೆ ಬಟ್ಟೇನೇ ಕಟ್ಟಿ ತಂದ್ಲು. ಯಾರದು ಅಂತ ಇಡೀ ಊರಿಗೆ ಗೊತ್ತಾಯ್ತು. ಅನರ್ಹ ಮಾಡ್ದೆ. ಅವತ್ತಿಂದ ಕ್ರಿಸ್‌ಮಸ್‌ಗೆ ಅವರ ಮನೇಲಿ ನಂಗೆ ಊಟ ಇಲ್ಲ. ನಿನಗೆ ಬಿಟ್ಬಿಟ್ರೆ ನನ್ನ ಊಟ ಹೋಗಿದ್ದು ಸುಮ್ನೇನಾ?"

ಟ್ಯಾಮ್ಸಿನ್ ಹೆಸರನ್ನು ಕತ್ತರಿಸಿದಳು. ಕತ್ತರಿಸಿದ ಸಾಲು ಮೇಜಿನ ಕೆಳಗೆ ಬಿತ್ತು. ಲೊರೇನ್ ಗುಡಿಸಿ ತೆಗೆದರು. ಸ್ವಚ್ಛತೆಗೂ ಅಂಕಗಳಿವೆ.

ಶನಿವಾರ ಬೆಳಿಗ್ಗೆ ತೀರ್ಪುಗಾರ್ತಿ ಐಲೀನ್ ಟ್ರೆವಾರ್ತ ಹೊರ ಊರಿನಿಂದ ಬಂದರು. ಬಿಳಿ ಕೋಟು, ಸ್ವಂತ ಚಾಕು. ಹಣ್ಣಿನ ಕೇಕುಗಳನ್ನು ಮುಗಿಸಿ, ಚಾಕು ಒರೆಸಿಕೊಂಡು, ಜಾಲತಾಣವನ್ನು ಸರಿಯಾಗಿ ನಡುವೆ ಎರಡು ಭಾಗ ಮಾಡಿದರು. ಕುರಿ ಮುಂದಿನ ಕಾಲುಗಳ ಬಳಿ ಬೇರೆಯಾಯಿತು. ಐಲೀನ್ ಒಂದು ತುಂಡನ್ನೆತ್ತಿ ಬೆಳಕಿಗೆ ಹಿಡಿದರು, ಮೂಸಿದರು, ಬೆರಳಿನಿಂದ ಒತ್ತಿ ನೋಡಿದರು. ಸಹಾಯಕಿಗೆ ಹೇಳಿ ಬರೆಸಿದ ಅಭಿಪ್ರಾಯ ಹೀಗಿತ್ತು: "ಮೇಲ್ಭಾಗದ ಬಣ್ಣ ಒಂದೇ ಸಮನಾಗಿದೆ. ತಳದಲ್ಲಿ ಕೇಕು ಆರಿಸುವ ತಂತಿ ಜಾಲರಿಯ ಗುರುತಿಲ್ಲ, ಸಂತೋಷ. ಎತ್ತರ ಸಾಲದು. ಮುಂದಿನ ಸಲ ಮೊಟ್ಟೆ ಇನ್ನಷ್ಟು ಹೊತ್ತು ಕಡೆಯುವುದು."

ಜಾಲತಾಣದ ವರ್ಗದಲ್ಲಿ ಇದ್ದದ್ದು ಈ ಒಂದೇ ತಟ್ಟೆ. ಅದಕ್ಕೆ ಎರಡನೆಯ ಬಹುಮಾನ ಕೊಡಲಾಯಿತು. ಗುಣಮಟ್ಟ ತಲುಪದಿದ್ದರೆ ಮೊದಲನೆಯದನ್ನು ಕೊಡದೆ ಉಳಿಸಿಕೊಳ್ಳುವುದು ತೀರ್ಪುಗಾರರ ಹಕ್ಕು. ಐಲೀನ್ ಆ ಹಕ್ಕನ್ನು ಚಲಾಯಿಸದೆ ಮನೆಗೆ ಹೋದದ್ದು ಯಾರಿಗೂ ನೆನಪಿಲ್ಲ.

ಟ್ಯಾಮ್ಸಿನ್ ಮರ್ವ್‌ನನ್ನು ಕುದುರೆ ಲಾಯದ ಹತ್ತಿರ ಹಿಡಿದಳು.

"ತೀರ್ಪು ಆಯ್ತಲ್ಲ. ಈಗ ಇಂಟರ್ನೆಟ್ಟಿಗೆ ಬಿಡ್ತೀನಿ. ಒಂದು ಗುಂಡಿ ಒತ್ತಿದ್ರೆ ಆಯ್ತು."

"ಅಯ್ಯಯ್ಯೋ, ಕೈ ಹಾಕ್ಬೇಡ! ಬಹುಮಾನ ಬಂದಿರೋ ವಸ್ತುನ ಭಾನುವಾರ ಸಂಜೆಗೆ ಮುಂಚೆ ಪ್ರದರ್ಶನದ ಶೆಡ್ಡಿಂದ ಆಚೆ ಒಯ್ಯೋ ಹಾಗಿಲ್ಲ. ಒಯ್ದ್ರೆ ಮನೆಯೋರೆಲ್ಲ ಅನರ್ಹ. ನಿಮ್ಮಮ್ಮನ ಮಾರ್ಮಲೇಡ್‌ಗೆ ಈ ಸಲ ನೀಲಿ ಪಟ್ಟಿ ಬಂದಿದೆ. ಅದನ್ನ ನಾನೇ ಕೀಳ್ಬೇಕಾಗತ್ತೆ. ನಿಮ್ಮಮ್ಮ ನೋಡ್ತಿರೋವಾಗ. ನಂಗೆ ಜೀವದ ಮೇಲೆ ಆಸೆ ಇದೆ ಕಣೇ."

ಗ್ವೆಂಡಾಳನ್ನು ಬಲ್ಲವರಿಗೆ ಇದು ಅತಿಶಯೋಕ್ತಿಯಲ್ಲ. ನೀಲಿಯೆಂದರೆ ಪ್ರಥಮ ಬಹುಮಾನ. ಆಕೆ ಇಪ್ಪತ್ತು ವರ್ಷದಿಂದ ಎರಡನೆಯ ಬಹುಮಾನದ ಕೆಂಪು ಪಟ್ಟಿಗಳನ್ನು ಮಡಿಸಿಡುತ್ತಾ ಬಂದವಳು. ಟ್ಯಾಮ್ಸಿನ್ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು, ಗುಂಡಿ ಒತ್ತದೆ, ಶೆಡ್ಡಿಗೆ ಮರಳಿದಳು.

ಅಲ್ಲಿ ಜಾಲತಾಣದ ಮುಂದೆ ಜನ ಸಾಲುಗಟ್ಟಿದ್ದರು. ಮಿರಬೂಲಿನವರು ಮೇಜಿನ ಮೇಲಿಟ್ಟದ್ದನ್ನು ನಿಂತು ಓದುವವರು. ಟ್ರ್ಯಾಕ್ಟರ್ ಓಟದ ಹೊತ್ತನ್ನು ಗೊತ್ತು ಮಾಡಿಕೊಂಡರು, ಕುರಿಯ ತಳಿಯ ಬಗ್ಗೆ ಜಗಳವಾಡಿದರು. ಮುದುಕರೊಬ್ಬರು ಹೆಂಡತಿಗೆ, "ನಾನು ಅಂದ್ಕೊಂಡಿದ್ದಕ್ಕಿಂತ ಸುಲಭ ಇದೆಯಲ್ಲೇ ಈ ಇಂಟರ್ನೆಟ್ಟು," ಎಂದು ಹೇಳಿದ್ದನ್ನು ಸಂಘವು ಸಾರ್ವಜನಿಕ ಮೆಚ್ಚುಗೆಯೆಂದು ಪರಿಗಣಿಸಿದೆ.

ಭಾನುವಾರ ಮಧ್ಯಾಹ್ನ ನೈಜೆಲ್ ಸ್ಟೋಕೊ ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು ಹಿಡಿದುಕೊಂಡು ಬಂದ. ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ತಟ್ಟೆಯನ್ನು ಬಹಳ ಹೊತ್ತು ನೋಡಿದ. ಮಡಚಿದ್ದ ಚೀಟಿ ಈಗ ಬಿಚ್ಚಿತ್ತು. ಟ್ಯಾಮ್ಸಿನ್ ರೂಕ್ ಎಂದು ಲೊರೇನ್ ಅವರ ದುಂಡನೆಯ ಅಕ್ಷರ.

"ಐಲೀನ್ ನಿನಗೆ ಎರಡನೇದು ಕೊಟ್ರಾ?" ನೈಜೆಲ್‌ನ ದನಿ ತಗ್ಗಿತ್ತು. "ನಮ್ಮಮ್ಮ ಸಾಯೋ ತನಕ ಬರೀ ಮೂರನೇದು ಕಣಮ್ಮ."

"ನೈಜೆಲ್, ಇದು ನಿಜವಾದದ್ದಲ್ಲ. ನಿಜವಾದದ್ದು ಇಲ್ಲಿದೆ, ನೋಡಿ." ಅವಳು ಆತುರದಿಂದ ಲ್ಯಾಪ್‌ಟಾಪ್ ತೆರೆದಳು. ಏಳೂ ಪುಟಗಳಿದ್ದವು. ಕುರಿ ನಡೆಯಿತು, ನಿಂತಿತು, ತಿರುಗಿ ನೋಡಿತು.

ನೈಜೆಲ್ ಸಭ್ಯ ಮನುಷ್ಯ. ಕುರಿ ಬೇಲಿ ಮುಟ್ಟುವ ತನಕ ಕಾದ.

"ಇದಕ್ಕೆ ಏನಾದ್ರೂ ಬಹುಮಾನ ಬಂದಿದ್ಯಾ?"

"ಇಲ್ಲ, ಆದ್ರೆ ಇದೇ—"

"ಹಾಗಾದ್ರೆ ಒಳಗಿಡು ಮಾರಾಯ್ತಿ, ಜನ ನೋಡ್ತಿದಾರೆ." ಅವನು ತಟ್ಟೆಯ ಕಡೆ ಬೆರಳು ತೋರಿಸಿದ. "ನಂಗೆ ಇಂಥದ್ದೇ ಬೇಕು. ವೈನ್ ಅಂಗಡಿ ಬಾಗಿಲಲ್ಲೇ ಇಡ್ತೀನಿ. ಬಂದೋರು ನಿಂತು ನೋಡ್ಲಿ. ನಮ್ಮ ಭಾವ ಮೂರು ಊರಿನ ಹೋಟೆಲ್‌ನೋರಿಗೂ ಹೇಳ್ತಾನೆ. ಅಡಿಲೇಡ್‌ನೋರು ಇಂಥದ್ದನ್ನ ಮಾಡೋದೇ ಇಲ್ಲ ಅಂದ್ರು, ಫೋನ್ ಮಾಡಿ ಕೇಳ್ದೆ."

ಟ್ಯಾಮ್ಸಿನ್ ಪರದೆಯನ್ನು ನೋಡಿದಳು. ಆಚೆ ಗ್ವೆಂಡಾ ಸೂಪರ್‌ಮಾರ್ಕೆಟ್ಟಿನ ಮ್ಯಾನೇಜರ್ ಜೊತೆ ಮಾತಾಡುತ್ತಾ ಮಗಳ ಕಡೆ ಕೈ ತೋರಿಸುತ್ತಿದ್ದಳು. ಟ್ಯಾಮ್ಸಿನ್ ಲ್ಯಾಪ್‌ಟಾಪ್ ಮುಚ್ಚಿದಳು, ಬೆನ್ನು ನೆಟ್ಟಗೆ ಮಾಡಿದಳು. ಅವಳ ವೃತ್ತಿಜೀವನ ಆ ಗಳಿಗೆಯಿಂದ ಆರಂಭವಾಯಿತೆಂದು ಸಂಘ ಹೆಮ್ಮೆಯಿಂದ ದಾಖಲಿಸುತ್ತದೆ.

"ಮಾಡಿಕೊಡ್ತೀನಿ," ಎಂದಳು. "ತಟ್ಟೆ ಸಾದಾ ಇರ್ಲಾ, ಇಲ್ಲಾ ಅಂಚಿಗೆ ಅಲೆ ಅಲೆ ಇರೋದು ಬೇಕಾ?"