ಮಾವನ ದೇಶದಲ್ಲಿ ಯಾರೂ ನಗಲಿಲ್ಲ

ನಮ್ಮ ಸೋದರಮಾವನಿಗೂ ಒಂದು ಸ್ವಂತ ಅಭಿಪ್ರಾಯವಿತ್ತು ಎಂದರೆ ತುಮಕೂರಿನಲ್ಲಿ ಅವರನ್ನು ಬಲ್ಲವರು ಯಾರೂ ನಂಬುವುದಿಲ್ಲ. ಬಂದವರ ಮಾತಿಗೆಲ್ಲ ‘ಹೌದೌದು’ ಎನ್ನುವುದೇ ಅವರ ಕಸುಬು. ಮರಳೂರಿನ ಫೋಟೋ ಸ್ಟುಡಿಯೋ ಆಮೇಲಿನದು! ಬೆಳಿಗ್ಗೆ ಗುಬ್ಬಿಯವರು ಬಂದು ಸೌತೆಕಾಯಿ ತಿಂದರೆ ಶೀತ ಎಂದರೆ ಹೌದು. ಮಧ್ಯಾಹ್ನ ಕುಣಿಗಲ್ಲಿನವರು ಬಂದು ಶೀತಕ್ಕೆ ಸೌತೆಕಾಯಿಯೇ ಮದ್ದು ಎಂದರೆ ಅದೂ ಹೌದು.

“ಇದ್ರಲ್ಲಿ ಯಾವ್ದು ಸರಿ ಮಾವ?”

“ಇಬ್ರೂ ಫೋಟೋದಲ್ಲಿ ನಕ್ಕವ್ರೆ ಕಣೇ, ಸಾಲ್ದಾ?”

ಗಂಟುಮುಖ ಹಾಕಿಕೊಂಡವರನ್ನು ಹಾಗೇ ಕಳಿಸುವುದು ಅವರ ಕೈಲಿ ಆಗುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಮೂರು ಪರದೆಗಳಿದ್ದವು: ಜಲಪಾತ, ಹೂದೋಟ, ತಾಜಮಹಲು. ಗಿರಾಕಿಯ ಮುಖ ಅರಳದಿದ್ದರೆ ಪರದೆ ಬದಲಾಯಿಸುವುದು. ಅಷ್ಟೇ ಅವರ ಫಿಲಾಸಫಿ.

ಎರಡು ಸಾವಿರನೇ ಇಸವಿಯ ಆಚೀಚೆ ಪಾಸ್‌ಪೋರ್ಟ್ ಫೋಟೋ ಮಾಡಲೆಂದು ಸ್ಟುಡಿಯೋಗೆ ಕಂಪ್ಯೂಟರ್ ಬಂತು. ಅದನ್ನು ಜೋಡಿಸಿಕೊಟ್ಟ ಪುಣ್ಯಾತ್ಮ ದೇಶ ಆಳುವ ಒಂದು ಗೇಮನ್ನೂ ಹಾಕಿ ಹೋಗಿದ್ದ. ಐವತ್ತು ದಾಟಿದ್ದ ಮಾವ ಅದಕ್ಕೆ ಅಂಟಿಕೊಂಡರು. ಇಂಗ್ಲಿಷ್ ಓದಿ ಹೇಳುವ ಕೆಲಸ ನನ್ನದು.

“ಐಡಿಯಾಲಜಿ ಅಂದ್ರೇನೇ?”

“ದೇಶ ನಡೆಸೋ ಸಿದ್ಧಾಂತ ಮಾವ. ರಾಜನ ಆಳ್ವಿಕೆ, ಪ್ರಜಾಪ್ರಭುತ್ವ, ಸಮತಾವಾದ. ಒಂದನ್ನ ಆರಿಸ್ಕೋಬೇಕು.”

“ಓ! ಹಿಂದ್ಗಡೆ ಪರದೆ ಅನ್ನು!”

ಮುಗಿಯಿತಲ್ಲ! ಜನಾಭಿಪ್ರಾಯ ತೋರಿಸಲು ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಸಾಲಾಗಿ ಪುಟ್ಟ ಮುಖಗಳು. ಖುಷಿಯಾದರೆ ನಗು, ಸಿಟ್ಟಾದರೆ ಕೆಂಪು. ಒಂದು ಮುಖ ಕೆಂಪಾದರೆ ಸಾಕು, ಮಾವ ಸಿದ್ಧಾಂತ ಬದಲಾಯಿಸುತ್ತಿದ್ದರು. ಬದಲಾಯಿಸಿದಾಗಲೆಲ್ಲ ನಾಲ್ಕು ವರ್ಷ ಅರಾಜಕತೆ ಎಂಬುದು ಆ ಗೇಮಿನ ನಿಯಮ. ರೈತರು ನೇಗಿಲು ಬಿಸಾಡುತ್ತಿದ್ದರು, ಸೈನಿಕರು ಮನೆಗೆ ಹೋಗುತ್ತಿದ್ದರು, ಮುಖಗಳು ಇನ್ನಷ್ಟು ಕೆಂಪಾಗುತ್ತಿದ್ದವು. ಮಾವ ಮತ್ತೆ ಬದಲಾಯಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ರಾಜ ಹೋಗಿ ಸಂಸತ್ತು ಬಂದು, ಸಂಸತ್ತು ಹೋಗಿ ಅದೇ ರಾಜ ವಾಪಸು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ಸಾಲದ್ದಕ್ಕೆ ಫೋಟೋಗೆ ಕಾದು ಕೂತವರನ್ನೂ ಕೇಳುತ್ತಿದ್ದರು. ಗೂಳೂರಿನ ಮೇಷ್ಟರು ತೆರಿಗೆ ಇಳಿಸಿ ಎಂದರು, ಇಳಿಸಿದರು. ಅವರ ಪಕ್ಕದವರು ಏರಿಸಿ ಎಂದರು, ಏರಿಸಿದರು. ಕೊನೆಗೆ ಅಭ್ಯಾಸಬಲದಿಂದ ಕಂಪ್ಯೂಟರಿಗೇ ಬಾಗಿ, “ಗಲ್ಲ ಸ್ವಲ್ಪ ಮೇಲಕ್ಕೆ... ಹ್ಞಾಂ, ನಗಿ” ಎಂದರು. ಅಷ್ಟರಲ್ಲಿ ಪಕ್ಕದ ದೇಶದ ಮೂರು ಕುದುರೆಗಳು ಬಂದು ರಾಜಧಾನಿ ಹಿಡಿದವು.

“ಹೋಗ್ಲಿ, ಗೆದ್ದೋರಾದ್ರೂ ನಕ್ರಾ?”

“ಮಾವ, ಒಂದನ್ನೇ ಹಿಡ್ಕೊಂಡು ಕೂತ್ಕೊಳ್ಳಿ. ಜನ ಸ್ವಲ್ಪ ದಿನ ಸಿಟ್ಟಾಗ್ತಾರೆ, ಆಮೇಲೆ ಒಗ್ಗಿಕೊಳ್ತಾರೆ.”

“ಅಲ್ಲೀಗಂಟ ಆ ಮುಖ ಹೆಂಗೆ ನೋಡೋದೇ?”

ಆ ವರ್ಷವೇ ನನಗೆ ಕುಣಿಗಲ್ಲಿನಿಂದ ಒಂದು ಸಂಬಂಧ ಬಂತು. ನಾನಿನ್ನೂ ಬಿ.ಎಡ್. ಓದುತ್ತಿದ್ದೆ, ಓದು ನಿಲ್ಲಿಸಬೇಕು ಎಂಬುದು ಗಂಡಿನ ಕಡೆಯವರ ಷರತ್ತು. ನನಗೆ ಬೇಡ ಎಂದು ಅತ್ತರೂ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೋದರಮಾವನ ಒಪ್ಪಿಗೆಯಿಲ್ಲದೆ ನಮ್ಮಲ್ಲಿ ಮದುವೆಯ ಮಾತು ಮುಂದುವರಿಯುವುದಿಲ್ಲ. ಆದರೆ ಆ ಬಗ್ಗೆ ಎಲ್ಲರೂ ನಿಶ್ಚಿಂತೆಯಿಂದಿದ್ದರು. ಅವರು ‘ಇಲ್ಲ’ ಎಂದದ್ದನ್ನು ಕೇಳಿದವರಾದರೂ ಯಾರು? ನಾನೂ ಆಸೆ ಬಿಟ್ಟಿದ್ದೆ.

ಗಂಡಿನ ಮನೆಗೆ ಕಳಿಸುವ ಫೋಟೋ ತೆಗೆದವರೂ ಮಾವನೇ. ಜಲಪಾತ ಬಂತು, ಹೂದೋಟ ಬಂತು, ತಾಜಮಹಲೂ ಬಂತು. “ನಗೇ ತಾಯಿ” ಎಂದು ಬೇಡಿಕೊಂಡರು, ಅಜ್ಜಿಯ ಹಾಗೆ ನಡೆದು ತೋರಿಸಿದರು. ನಾನು ಹಾಗೇ ಕೂತಿದ್ದೆ. ಮೂವತ್ತಾರು ಫೋಟೋದ ರೋಲು ಮುಗಿಯಿತು. ಮಾವ ಲೈಟು ಆರಿಸಿದರು.

ಮುಂದಿನ ಭಾನುವಾರ ಹಿರಿಯರೆಲ್ಲ ನಮ್ಮ ಮನೆಯಲ್ಲಿ ಸೇರಿದರು. “ಏನಂತೀರ ಭಾವ?” ಎಂದು ಅಪ್ಪ ಶಾಸ್ತ್ರಕ್ಕೆ ಕೇಳಿದರು.

ಮಾವ ಫೋಟೋಗಳ ಕವರನ್ನು ಚಾಪೆಯ ಮೇಲಿಟ್ಟರು. “ಒಂದು ರೋಲು ಪೂರ್ತಿ ತೆಗ್ದಿದೀನಿ. ಒಂದ್ರಲ್ಲೂ ಈ ಮಗು ನಕ್ಕಿಲ್ಲ. ನಾನು ಒಪ್ಪಲ್ಲ.”

ಮನೆಯಲ್ಲಿ ಗದ್ದಲವೋ ಗದ್ದಲ! “ಜನ ಏನಂತಾರೆ?” ಎಂದು ದೊಡ್ಡಪ್ಪ ಕೂಗಾಡಿದರು. ಮಾವ ಸುತ್ತ ಕೂತಿದ್ದ ಕೆಂಪು ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದರು. “ಒಪ್ಪಲ್ಲ” ಎಂದು ಮತ್ತೆ ಹೇಳಿದರು.

ಸಂಬಂಧ ಮುರಿಯಿತು. ಅರ್ಧ ನೆಂಟರು ಮಾವನ ಜೊತೆ ಮಾತು ಬಿಟ್ಟರು, ದೊಡ್ಡಪ್ಪ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಿದ್ದರು. ನಾನು ಬಿ.ಎಡ್. ಮುಗಿಸಿದೆ. ಗುಬ್ಬಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದ ದಿನ ಆರ್ಡರ್ ಹಿಡಿದುಕೊಂಡು ನೇರ ಸ್ಟುಡಿಯೋಗೆ ಹೋದೆ. ಕಂಪ್ಯೂಟರಿನಲ್ಲಿ ಅದೇ ಗೇಮು. ಸಾಲಿನ ಮುಖಗಳೆಲ್ಲ ಕೆಂಪು.

“ಸಿದ್ಧಾಂತ ಬದಲಾಯಿಸಲ್ವಾ ಮಾವ?”

“ಇರ್ಲಿ ಬುಡು, ಒಗ್ಗಿಕೊಳ್ತಾರೆ.” ನನ್ನ ಕೈಯಲ್ಲಿದ್ದ ಕಾಗದ ಓದಿದರು. ಒಳಗೆ ಹೋಗಿ ಕ್ಯಾಮೆರಾ ತಂದರು. “ಮೂವತ್ತೇಳನೇದು ಬಾಕಿ ಐತೆ. ಕೂತ್ಕೋ.”

ಪರದೆ ಬೇಡವೆಂದು ಬರೀ ಗೋಡೆಯ ಮುಂದೆ ಕೂತೆ. ಈ ಸಲ ಮಾವ ‘ನಗು’ ಎಂದು ಹೇಳಬೇಕಾಗಲಿಲ್ಲ.