ಮೈಕ್ ಬ್ಯಾಡ ಅಂದವನ ಮಗಳು

ಮೈಕ್‌ಸೆಟ್ ಇಟ್ಟವನ ಮುಂದೆ ಜನ ತಾವಾಗಿಯೇ ಬಂದು ನಗೆಪಾಟಲಾಗುತ್ತಾರೆ. ನಾನು ಯಾರನ್ನೂ ಕರೆದಿಲ್ಲ. ಹೊಸಪೇಟೆಯಲ್ಲಿ ನಲವತ್ತು ವರ್ಷ ಮದುವೆ, ಸಭೆ, ನಾಟಕ, ಚುನಾವಣೆ ಎಲ್ಲಕ್ಕೂ ಸ್ಪೀಕರ್ ಡಬ್ಬಿ ಹೊತ್ತಿದ್ದೇನೆ. ಮೈಕ್ ಬಂದ್ ಆಗಿದೆ ಎಂದುಕೊಂಡು ಬೀಗರನ್ನು ಬೈದವರನ್ನು ಕಂಡಿದ್ದೇನೆ. ಚಾಲೂ ಇದೆ ಎಂದುಕೊಂಡು ಒಂದು ತಾಸು ಭಾಷಣ ಮಾಡಿದವರನ್ನೂ ಕಂಡಿದ್ದೇನೆ. ಎಲ್ಲ ನೋಡಿಯಾಯಿತು, ಇನ್ನು ಸಾಕು ಅನ್ನುವಾಗ ಈ ನಾಲ್ವರು ಬಂದರು.

ಕರಿ ಅಂಗಿ

ಕಂಪ್ಲಿ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ ಇದೆ. ಹಳೆಯ ಸ್ಪೀಕರು, ಹರಿದ ಶಾಮಿಯಾನ ಅಲ್ಲಿ ಬಿದ್ದಿರುತ್ತವೆ. ಒಂದು ಭಾನುವಾರ ಮೂವರು ಹುಡುಗರು, ಒಬ್ಬ ಹುಡುಗಿ ಬಂದು ನಿಂತರು. ಎಲ್ಲರದೂ ಕರಿ ಬಟ್ಟೆ. ಹುಡುಗರಿಗೆ ಗಡ್ಡ, ಉದ್ದ ಕೂದಲು. ಮಾಲೆ ಹಾಕಿದವರು, ಭಜನೆಗೆ ಮೈಕ್ ಕೇಳಲು ಬಂದಿದ್ದಾರೆ ಎಂದುಕೊಂಡೆ.

"ಇರುಮುಡಿ ಯಾವತ್ತು ಸ್ವಾಮಿ?" ಎಂದೆ.

"ಭಜನಿ ಅಲ್ಲ ತಾತ, ಬ್ಯಾಂಡು," ಎಂದಳು ಹುಡುಗಿ. "ಸಿಂಫೋನಿಕ್ ಮೆಟಲ್ ಅಂತಾರ. ಕೆಳಗ ಗಿಟಾರು ಡ್ರಮ್ಮು ಗುಡುಗ್ತಾವ. ನಡುವ ಕೀಬೋರ್ಡಿನಾಗ ಪಿಟೀಲು, ತುತ್ತೂರಿ ಎಲ್ಲಾ ಬರ್ತಾವ. ಮ್ಯಾಲ ನಾನು ಆಪೆರಾ ಹಾಡ್ತೀನಿ. ಪ್ರಾಕ್ಟೀಸಿಗೆ ಜಾಗ ಬೇಕು."

"ಆಪೆರಾ ಅಂದ್ರ?"

ಹಾಡಿ ತೋರಿಸಿದಳು. ತಗಡಿನ ಮೇಲೆ ಪಾರಿವಾಳಗಳಿದ್ದವು. ಹೋದವು. ಇವತ್ತಿಗೂ ತಿರುಗಿ ಬಂದಿಲ್ಲ.

"ಯಾರ ಮಗಳವ್ವ ನೀನು?"

ವಡ್ಡು ಊರಿನವಳು. ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಾಳೆ. ಅಪ್ಪನ ಹೆಸರು ಹೇಳಿದಳು. ನನಗೆ ಚೆನ್ನಾಗಿ ಗೊತ್ತಿದ್ದ ಹೆಸರು. ದೊಡ್ಡಾಟದಲ್ಲಿ ರಾಜನ ಪಾತ್ರ ಹಾಕುತ್ತಿದ್ದವನು. ಇಪ್ಪತ್ತು ವರ್ಷದ ಹಿಂದೆ ಅವರೂರಿನ ಆಟಕ್ಕೆ ಮೊದಲ ಸಲ ಮೈಕ್ ಒಯ್ದವನು ನಾನು. ರಾಜ ರಂಗಕ್ಕೆ ಬಂದ. ಮೈಕಿನ ಕಂಬ ನೋಡಿದ. ಶತ್ರು ಎಂದುಕೊಂಡನೋ ಏನೋ, ಕತ್ತಿ ಬೀಸಿ ಉರುಳಿಸಿದ. "ಕೊರಳು ಇಲ್ಲದಾಂವಗ ಬೇಕು ಈ ಕೋಲು!" ಎಂದ. ಜನ ಚಪ್ಪಾಳೆ ಹೊಡೆದರು. ಮೈಕ್ ಒಡೆಯಿತು.

"ಇದಕ್ಕ ನಿಮ್ಮಪ್ಪ ಏನಂತಾನ?" ಎಂದೆ.

"ಮೈಕ್ ಹಿಡಿದು ಹಾಡಿದ್ದು ಹಾಡೇ ಅಲ್ಲ ಅಂತಾನ. ಆದ್ರ ಒಂದೇ ಒಂದು ಸಲ ಬಂದು ಕೇಳ್ತಾನಂತ. ಮನಸ್ಸಿಗೆ ಬಂದ್ರ ಆಯೇರಿ ಮಾಡ್ತಾನಂತ. ಇಲ್ಲಾಂದ್ರ ನಾನು ಬ್ಯಾಂಡ್ ಬಿಡಬೇಕು."

ನಮ್ಮ ಕಡೆ ಆಟ ನಡೆದಾಗ, ಪಾತ್ರಧಾರಿಯನ್ನು ಮೆಚ್ಚಿದವನು ರಂಗ ಹತ್ತಿ, ಆಟ ನಿಲ್ಲಿಸಿ, ತನ್ನ ಊರು ಹೆಸರು ಹೇಳಿ ಉಡುಗೊರೆ ಕೊಡುತ್ತಾನೆ. ಅದು ಆಯೇರಿ. ಈ ಮನುಷ್ಯ ಜೀವಮಾನದಲ್ಲಿ ಯಾರಿಗೂ ಮಾಡಿದ್ದು ನಾನು ಕಂಡಿಲ್ಲ.

"ನೀನು ಯಾಕ ಒಪ್ಪಿದಿ?"

"ಕೊರಳು ಅವಂದ ಅಲ್ಲೇನು ತಾತ?"

ಕೀಲಿ ಕೈ ಕೊಟ್ಟೆ. ಪಾಪ ಅನ್ನಿಸಿತು. ಒಡೆದ ಮೈಕಿನ ಸಿಟ್ಟು ಕೂಡ ಇತ್ತು.

ಕಷಾಯ

ಗಿಟಾರಿನ ಹುಡುಗನಿಗೂ ಹಾಡುವ ಕೆಲಸವಿದೆ. ಅವಳು ಮೇಲೆ ಹಾಡುವಾಗ ಇವನು ಕೆಳಗೆ ಗಂಟಲಲ್ಲಿ ಗೊರಗೊರ ಅನ್ನಬೇಕು. ಕಲ್ಲು ತುಂಬಿದ ಲಾರಿ ಘಾಟಿ ಹತ್ತಿದ ಹಾಗೆ. ಅದಕ್ಕೂ ಎರಡು ವರ್ಷ ಸಾಧನೆ ಮಾಡಿದ್ದಾನಂತೆ.

ಶೆಡ್ಡಿನ ಹಿಂದಿನ ಮನೆಯ ಮುದುಕಿ ಮೊದಲ ದಿನವೇ ಗೋಡೆಯ ಮೇಲಿಂದ ಇಣುಕಿದಳು.

"ಆ ಹುಡುಗಗ ಏನಾಗೇತ್ರಿ?"

"ಹಾಡಾಕತ್ತಾನ."

"ನನ್ನ ಮುಂದ ಮುಚ್ಚಿಡಬ್ಯಾಡ್ರಿ," ಎಂದಳು. ಅರ್ಧ ಗಂಟೆಯಲ್ಲಿ ಚೊಂಬು ತುಂಬ ಕಷಾಯ ತಂದಳು. ಶುಂಠಿ, ಮೆಣಸು, ಬೆಲ್ಲ. ಹುಡುಗ ಸಂಕೋಚದವನು. ಕುಡಿದ. ಮರುದಿನವೂ ತಂದಳು. ಕುಡಿದ. ಹದಿನೈದು ದಿನಕ್ಕೆ ಅವನ ಗಂಟಲು ಗಾಜಿನಂತೆ ತಿಳಿಯಾಯಿತು. ಗೊರಗೊರ ಅನ್ನಲು ಹೋದರೆ ಇಂಪಾಗಿ ಬರತೊಡಗಿತು.

"ಲೇ, ಕಷಾಯ ಬಿಡಲೇ!" ಎಂದು ಡ್ರಮ್ಮಿನವನು ಕೋಲು ಎಸೆದ. "ತೊಟ್ಟಲ ತೂಗಿದಂಗ ಹಾಡಾಕತ್ತೀ ನೀನು!"

ಕೊನೆಗೆ ನಾನೇ ಮುದುಕಿಗೆ ಹೇಳಿದೆ. "ಹುಡುಗ ಆರಾಮಾದ. ಇನ್ನು ಸಾಕು."

ಮುದುಕಿ ಕೈ ಮುಗಿದು, ತನ್ನ ಕೈಗುಣ ತಾನೇ ಹೊಗಳಿಕೊಂಡು ಹೋದಳು. ವಾರ ಕಷಾಯ ನಿಂತಿತು. ಗಂಟಲು ಮತ್ತೆ ಕೆಟ್ಟಿತು. ಹುಡುಗ ಖುಷಿಯಿಂದ ಒಮ್ಮೆ ಗೊರ್ ಅಂದ. ಗೋಡೆಯ ಮೇಲೆ ಮುದುಕಿಯ ತಲೆ ಕಂಡಿತು. ಪಕ್ಕದಲ್ಲಿ ಅವಳ ತಂಗಿಯ ತಲೆ.

"ನಾ ಹೇಳಿದ್ನಿಲ್ಲ? ಇದು ತಿರುಗಿ ಬರೋ ರೋಗ," ಎಂದಳು. ತಂಗಿಯ ಕೈಯಲ್ಲಿ ಇನ್ನೂ ದೊಡ್ಡ ಚೊಂಬಿತ್ತು.

ಲೆಕ್ಕಕ್ಕೆ ಸಿಗದ ಒಬ್ಬರು

ಇದು ಹುಡುಗಿಯೇ ಹೇಳಿದ್ದು. ಅವಳ ಕ್ರೇನಿನ ಗೂಡು ನೆಲದಿಂದ ಭಾಳ ಎತ್ತರ. ಒಂದು ಮಧ್ಯಾಹ್ನ ಕೆಲಸ ಸ್ವಲ್ಪ ನಿಂತಿತ್ತು. ಮೇಲೆ ಒಬ್ಬಳೇ ಇದ್ದಾಳೆ. ಕಿಟಕಿ ತೆರೆದು ಹೊಸ ಹಾಡಿನ ಮೇಲಿನ ಸ್ವರ ಹಿಡಿದಳು. ಕಣ್ಣು ಮುಚ್ಚಿ ಹಿಡಿದಳು.

ಕೆಳಗಿನವರು ಅಪಾಯದ ಸೈರನ್ ಎಂದುಕೊಂಡರು. ವರ್ಷಕ್ಕೊಮ್ಮೆ ತಾಲೀಮು ಕೊಟ್ಟಿರುತ್ತಾರಲ್ಲ. ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು, ಓಡದೆ, ನೂಕದೆ, ಸಾಲಾಗಿ ಹೊರಗೆ ಹೋಗಿ ಮೈದಾನದಲ್ಲಿ ನಿಂತರು. ಅಷ್ಟು ಶಿಸ್ತಾಗಿ ತಾಲೀಮಿನಲ್ಲೂ ನಿಂತಿರಲಿಲ್ಲವಂತೆ. ಹುಡುಗಿ ಕಣ್ಣು ತೆರೆದು ನೋಡಿದಳು. ಒಬ್ಬರೂ ಇಲ್ಲ. ಚಹಾಕ್ಕೆ ಹೋಗಿರಬೇಕೆಂದು ಇನ್ನೂ ಜೋರಾಗಿ ಹಾಡಿದಳು.

ಹೊರಗೆ ತಲೆ ಎಣಿಸಿದರು. ಒಬ್ಬರು ಕಮ್ಮಿ.

"ಯಾರೋ ಒಳಗ ಸಿಕ್ಕೊಂಡಾರ! ಕೇಳ್ರಿ, ಹೆಂಗ ಒದರಾಕತ್ತಾರ!" ಎಂದು ಒಬ್ಬ ಕೂಗಿದ. ನಾಲ್ಕು ಜನ ಸ್ಟ್ರೆಚರ್ ಹೊತ್ತು ಏಣಿ ಹತ್ತಿದರು. ಹುಡುಗಿ ಬ್ಯಾಡ ಬ್ಯಾಡ ಅಂದರೂ ಬಿಡದೆ ಅದರ ಮೇಲೆ ಮಲಗಿಸಿ, ಪಟ್ಟಿ ಕಟ್ಟಿ, ಕೆಳಗೆ ಇಳಿಸಿದರು. ಇಳಿಸಿದವರಿಗೆ ಮೇಲಧಿಕಾರಿ ಶಭಾಷ್ ಅಂದರು. ಅವಳಿಗೆ ನೋಟೀಸು ಕೊಟ್ಟರು.

ನೋಟೀಸು ಹಿಡಿದು ಅಳುತ್ತಾ ಮನೆಗೆ ಹೋದಳು. ಅಪ್ಪ ಊಟಕ್ಕೆ ಕುಳಿತಿದ್ದ. ಎಲ್ಲ ಕೇಳಿ ಒಂದೇ ಮಾತು ಕೇಳಿದ.

"ಎಲ್ಲೀ ತನಾ ಕೇಳಿಸ್ತಂತ?"

"ಗೇಟಿನ ತನಾ."

"ಗೇಟಿನ ಆಚಿಗೆ?"

"ಇಲ್ಲಪ್ಪಾ."

"ಹಂ," ಎಂದು ರೊಟ್ಟಿ ಮುರಿದ. ಇನ್ನೂ ಸಾಲದು ಅಂತ ಅರ್ಥ.

ಬಾಳೆ ತೋಟದ ಕಚೇರಿ

ಬ್ಯಾಂಡಿಗೆ ಒಂದು ವಿಡಿಯೋ ಬೇಕಾಯಿತು. ಹಂಪಿಗೆ ಹೋದೆವು. ನನ್ನ ಟೆಂಪೋ, ನನ್ನ ಸ್ಪೀಕರು. ಕಲ್ಲಿನ ಮಂಟಪದ ಮುಂದೆ ಕ್ಯಾಮೆರಾ ನಿಲ್ಲಿಸುವಷ್ಟರಲ್ಲಿ ಕಾವಲುಗಾರ ಬಂದು ಪರವಾನಗಿ ಪತ್ರ ಕೇಳಿದ. ಪತ್ರ ಇರಲಿಲ್ಲ. ಹತ್ತಿರದ ಬಾಳೆ ತೋಟದ ಬದುವಿಗೆ ಬಂದೆವು.

ಹುಡುಗಿಯದು ನೆಲ ಗುಡಿಸುವ ಕರಿ ಗೌನು. ಕಾಲುವೆ ಕೆಸರಲ್ಲಿ ಎರಡು ಸಲ ಸಿಕ್ಕಿತು. ಮೂರನೆಯ ಸಲ ಬಿಡಿಸಿಕೊಳ್ಳದೆ ಅಲ್ಲೇ ನಿಂತು ಹಾಡಿದಳು. ಮೇಲಿನ ಸ್ವರಕ್ಕೆ ಬಂದಳು. ತೋಟದೊಳಗೆ ಏನೋ ಸರಸರ ಅಂದಿತು. ಮಂಗಗಳು. ಹತ್ತು, ಇಪ್ಪತ್ತು, ಮರಿ ಕಟ್ಟಿಕೊಂಡವು, ಬಾಲ ಇಲ್ಲದ ಮುದಿಯದೊಂದು, ಎಲ್ಲ ಬಂಡೆ ಹತ್ತಿ ಆಚೆ ಹಾರಿದವು.

ಹಿಂದೆಯೇ ತೋಟದ ರೈತ ಕವಣೆ ಹಿಡಿದು ಓಡಿ ಬಂದ. ಹುಡುಗರು ನನ್ನ ಬೆನ್ನ ಹಿಂದೆ ನಿಂತರು.

"ಯಾರ್ರಿ ಈಗ ಒದರಿದೋರು?" ಎಂದ.

ಹುಡುಗಿ ಕೈ ಎತ್ತಿದಳು.

"ತಂಗೀ, ಪಟಾಕಿ ಹೊಡದೀನಿ, ತಗಡು ಬಡದೀನಿ, ಹುಲಿ ಗೊಂಬಿ ಇಟ್ಟೀನಿ. ಅದರ ಹೆಗಲ ಮ್ಯಾಲೇ ಕುಂತು ಹಣ್ಣು ತಿಂತಾವ. ನೀ ದಿನಾ ಬರ್ತೀಯೇನು? ಮುಂಜಾನಿ ಜಲ್ದಿ ಬಂದ್ರ ಚಲೋ."

ಒಂದು ಗೊನೆ ಕಡಿದು ಕೊಟ್ಟ. ಬ್ಯಾಂಡಿಗೆ ಬಂದ ಮೊದಲ ಕರೆ ಅದು.

ವಿಡಿಯೋದಲ್ಲಿ ಹುಡುಗಿಯ ಹಿಂದೆ ಮಂಗಗಳು ಸಾಲಾಗಿ ಊರು ಬಿಡುವುದು ಚೆನ್ನಾಗಿ ಬಂದಿತ್ತು. ಅದನ್ನೇ ಜನ ಫೋನಿನಿಂದ ಫೋನಿಗೆ ಕಳಿಸಿದರು. ಹಾಡೂ ಜೊತೆಗೆ ಹೋಯಿತು. ಕಂಪ್ಲಿಯವರು ಕರೆದರು. ಸಂಡೂರಿನವರು ಕರೆದರು. ವಡ್ಡಿನಲ್ಲಿ ಅಪ್ಪನೂ ಯಾರದೋ ಫೋನಿನಲ್ಲಿ ನೋಡಿದನಂತೆ.

"ಮಂಗ್ಯಾ ಎದ್ದು ಹೋದ್ವು, ಖರೆ," ಎಂದನಂತೆ. "ಮನುಷ್ಯಾರು ಕುಂದರಬೇಕಲ್ಲ?"

ಕಂಪ್ಲಿಯ ಗಟ್ಟಿಮೇಳ

ಕೀಬೋರ್ಡಿನ ಹುಡುಗನಿಗೆ ಕಂಪ್ಲಿಯಲ್ಲಿ ನಿಜವಾದ ತುತ್ತೂರಿಯೇ ಬೇಕೆನಿಸಿತು. ಅಲ್ಲಿನ ಮದುವೆ ಬ್ಯಾಂಡಿನ ಆರು ಜನರನ್ನು ಕರೆಸಿದ. ಕೆಂಪು ಕೋಟು, ಜರಿ ಪಟ್ಟಿ. ಎರಡು ದಿನ ತಾಲೀಮು ಮಾಡಿಸಿದ.

"ಕೈ ಎತ್ತಿದ್ರ ಜೋರು ಬಾರಿಸ್ರಿ," ಎಂದ.

"ಹುಟ್ಟಿದಾಗಿಂದ ಕೈ ನೋಡೇ ಬಾರಿಸೀವಪ್ಪಾ," ಎಂದ ಅವರ ಹಿರಿಯ.

ಅವರು ನೋಡಿದ್ದು ತಾಳಿ ಕಟ್ಟಿಸುವ ಪುರೋಹಿತರ ಕೈ. ಅದು ಯಾರ ತಲೆಗೂ ಹೊಳೆಯಲಿಲ್ಲ.

ಕಾರ್ಯಕ್ರಮ ಚೆನ್ನಾಗಿ ನಡೆಯಿತು. ನಡುವೆ ಒಂದು ಕಡೆ ಎಲ್ಲ ವಾದ್ಯ ನಿಂತು ಹುಡುಗಿ ಒಬ್ಬಳೇ ಹಾಡಬೇಕು. ಹಾಡಿದಳು. ಭಾವ ತುಂಬಿ ಬಂದು ಕೈ ಎತ್ತಿ ಬೆರಳು ಆಡಿಸಿದಳು.

ಆರೂ ಜನ ಒಟ್ಟಿಗೆ ಗಟ್ಟಿಮೇಳ ಹೊಡೆದರು.

ಕುಳಿತ ಜನ ಎದ್ದು ನಿಂತರು. ತಪ್ಪು ಅವರದಲ್ಲ, ಅಭ್ಯಾಸ. ಕೈಗಳು ಅಕ್ಷತೆ ಹುಡುಕಿದವು. ಸಿಕ್ಕಿದ್ದು ಮಂಡಕ್ಕಿ. ಎಸೆದರು. ಹುಡುಗಿಯ ಪಕ್ಕ ಗಿಟಾರಿನ ಹುಡುಗ ನಿಂತಿದ್ದ. ಇಬ್ಬರ ತಲೆಯೂ ಬೆಳ್ಳಗಾಯಿತು. ಹುಡುಗ ಹೆದರಿ, ಎರಡು ಹೆಜ್ಜೆ ದೂರ ಸರಿದು, ಮುಂದಿನ ಸಾಲಿನ ಹೆಂಗಸರಿಗೆ ಕೈ ಮುಗಿದು, "ನಮಗ ಸಂಬಂಧ ಇಲ್ರಿ," ಎಂದ. ಅದೂ ಮೈಕಿನಲ್ಲಿ ಬಂತು.

ಹಿಂದಿನಿಂದ ತಡವಾಗಿ ಬಂದವನೊಬ್ಬ ಕೇಳಿದ: "ಊಟ ಯಾವ ಕಡಿ ಐತ್ರಿ?"

ಆಯೇರಿ

ಸಂಡೂರಿನ ಮೈದಾನ. ಸಂಜೆ. ಸುತ್ತ ಗುಡ್ಡ. ಅಷ್ಟು ಜನ ಸೇರುತ್ತಾರೆಂದು ಕರೆಸಿದವರೂ ಎಣಿಸಿರಲಿಲ್ಲ. ನಾನು ಇದ್ದ ಸ್ಪೀಕರೆಲ್ಲ ತಂದಿದ್ದೆ.

ಹುಡುಗಿ ನನ್ನ ಬಳಿ ಬಂದಳು.

"ಅಪ್ಪ ಬಂದಾನೇನು ತಾತ?"

"ಹೂಂ."

"ಎಲ್ಲಿ?"

"ಕಡೀ ಸಾಲು."

"ಮುಖ ಹೆಂಗೈತಿ?"

"ರಾಜನಂಗ."

ನಾಲ್ಕು ಹಾಡಾದವು. ಜನ ಕುಣಿದರು. ಕಡೆಯ ಸಾಲಿನ ಮನುಷ್ಯ ತೊಡೆಯ ಮೇಲೆ ಒಂದು ಬಟ್ಟೆ ಗಂಟು ಇಟ್ಟುಕೊಂಡು ಅಲುಗದೆ ಕುಳಿತಿದ್ದ. ಐದನೆಯದು ಕೊನೆಯದು. ಹುಡುಗಿ ಮೇಲಿನ ಸ್ವರ ಹಿಡಿದಳು. ಅವನು ಎದ್ದ. ಗಂಟು ಬಗಲಲ್ಲಿಟ್ಟುಕೊಂಡ. ಬಸ್ಸಿಗೆ ಹೊರಟ ಎಂದುಕೊಂಡೆ. ಅವಳೂ ಕಂಡಳು. ಸ್ವರ ಬಿಡಲಿಲ್ಲ.

ಅವನು ಬಸ್ಸಿನ ಕಡೆ ಹೋಗಲಿಲ್ಲ. ಕುಣಿಯುವವರನ್ನು ಮೊಣಕೈಯಿಂದ ಸರಿಸುತ್ತಾ ಬಂದು ವೇದಿಕೆ ಹತ್ತಿದ.

"ನಿಲ್ಲಸ್ರೀ!"

ಡ್ರಮ್ಮು ನಿಂತಿತು. ಗಿಟಾರು ನಿಂತಿತು. ಮೈದಾನ ನಿಂತಿತು. ಅವನು ನೆಲಕ್ಕೆ ಕುಳಿತು ಗಂಟು ಬಿಚ್ಚಿದ. ಒಳಗಿದ್ದದ್ದು ಭುಜಕೀರ್ತಿ. ಆಟದಲ್ಲಿ ರಾಜ ಹೆಗಲಿಗೆ ಕಟ್ಟುವುದು. ಮರದ್ದು, ಬೇಗಡೆ ಹಚ್ಚಿದ್ದು. ಅವನದೇ.

"ಕರೇದು ಉಟ್ಟೀದಿ, ಹೆಗಲು ಬರಿದು ಬಿಟ್ಟೀದಿ," ಎಂದು ಬೈಯುತ್ತಾ ಮಗಳ ಎರಡೂ ಹೆಗಲಿಗೆ ಕಟ್ಟಿದ. ಕಟ್ಟಿದ ದಾರವನ್ನು ಎರಡೆರಡು ಸಲ ಎಳೆದು ನೋಡಿದ. ಹುಡುಗಿ ಅತ್ತಳು. ಜನ ಇದೂ ಪದ್ಧತಿ ಇರಬೇಕೆಂದು ಅರಚಿದರು.

ಆಯೇರಿ ಮಾಡಿದವನು ಊರು ಹೆಸರು ಹೇಳಬೇಕು. ಮಗಳು ಮೈಕ್ ಮುಂದೆ ಹಿಡಿದಳು. ಅವನು ಅದನ್ನು ನೋಡಿದ. ನನ್ನನ್ನು ನೋಡಿದ. ಹಿಡಿದ.

ಊರು ಹೇಳಿದ. ಹೆಸರು ಹೇಳಿದ. ದನಿ ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಬೆಚ್ಚಿದ. ಇನ್ನೊಮ್ಮೆ ಹೆಸರು ಹೇಳಿದ. ಮತ್ತೆ ಬಂತು. ಮುಖ ಅರಳಿತು. ತನ್ನಪ್ಪನ ಹೆಸರು ಹೇಳಿದ. ಆಟ ಕಲಿಸಿದ ಮಾಸ್ತರನ ಹೆಸರು ಹೇಳಿದ. ಆಮೇಲೆ ಒಂದು ಕಾಲು ಮುಂದಿಟ್ಟು ರಾಜನ ಪ್ರವೇಶದ ಪದ ಎತ್ತಿಕೊಂಡ.

ಡ್ರಮ್ಮಿನವನು ಹೆಜ್ಜೆ ನೋಡಿ ಪೆಟ್ಟು ಹಿಡಿದ. ಗಿಟಾರು ಸೇರಿತು. ಹುಡುಗಿ ಮೇಲಿನಿಂದ ದನಿ ಕೂಡಿಸಿದಳು. ಹುಡುಗರು ಜುಟ್ಟು ಬಿಚ್ಚಿ ತಾಳಕ್ಕೆ ತಲೆ ಬೀಸಿದರು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ರಾಜ ಇನ್ನೂ ಸಿಂಹಾಸನದ ಹತ್ತಿರ ಬಂದಿರಲಿಲ್ಲ. ಕರೆಸಿದವರು ಗಡಿಯಾರ ತೋರಿಸಿದರು. ಇನ್ನೊಂದು ತಂಡ ಕಾದಿತ್ತು. ಮಗಳು ಮೈಕ್ ಕೇಳಿದಳು. ಕೊಡಲಿಲ್ಲ. ಎಳೆದಳು. ಬಿಡಲಿಲ್ಲ. ನನ್ನ ಕಡೆ ತಿರುಗಿ ಕಣ್ಣಲ್ಲೇ, ಬಂದ್ ಮಾಡ್ರಿ ತಾತ, ಎಂದಳು.

ನಲವತ್ತು ವರ್ಷದಲ್ಲಿ ನಾನು ಯಾರ ಮೈಕನ್ನೂ ನಡುವೆ ಬಂದ್ ಮಾಡಿಲ್ಲ. ಆದರೂ ಇದು ಆ ಒಡೆದ ಮೈಕಿನ ಲೆಕ್ಕ ಎಂದುಕೊಂಡು ಅವನ ಮೈಕಿನ ವೈರ್ ಕಿತ್ತೆ.

ಏನೂ ಆಗಲಿಲ್ಲ. ಅವನಿಗೆ ಗೊತ್ತಾಗಲಿಲ್ಲ. ಕಡೆಯ ಸಾಲಿನವರಿಗೂ ಗೊತ್ತಾಗಲಿಲ್ಲ. ರಾಜ ಇನ್ನೂ ಹತ್ತು ನಿಮಿಷ ಹಾಡಿ, ಸಿಂಹಾಸನ ಹತ್ತಿ, ಚಪ್ಪಾಳೆ ತೆಗೆದುಕೊಂಡು, ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದ. ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ನಿನ್ನ ಮೈಕ್ ಭಾಳ ಚಲೋ ಐತಲೇ," ಎಂದ. "ಗುಡ್ಡದ ತನಾ ಕೇಳಿಸ್ತು. ಇಷ್ಟು ವರ್ಷ ಸುಮ್ಮನ ಬ್ಯಾಡ ಅಂದೆ. ಇನ್ನು ಮ್ಯಾಲ ನನ್ನ ಮಗಳು ಎಲ್ಲಿ ಹಾಡಿದ್ರೂ ಇದನ್ನ ತರಬೇಕು ನೋಡು. ಬ್ಯಾರೇದು ತಂದಿ, ಕತ್ತಿ ಹಿಡೀತೀನಿ."

ಕಿತ್ತ ವೈರು ನನ್ನ ಕೈಯಲ್ಲೇ ಇತ್ತು. ಬೆನ್ನ ಹಿಂದೆ ಹಿಡಿದೆ.

"ಹೂಂ," ಎಂದೆ.