ಬ್ಯಾಡಗಿ ಚಹಾದ ನಿರೋಧಕ ಗುಣ

ತೊಂಬತ್ತೆಂಟನೆಯ ಇಸವಿಯಲ್ಲಿ, ಹೊಸದಾಗಿ ಹುಟ್ಟಿದ ಹಾವೇರಿ ಜಿಲ್ಲೆಯ ಕುಟುಂಬ ಯೋಜನೆಯ ಗುರಿಯನ್ನು ಚಹಾ ಪೂರೈಸಿತು.

ಇದಕ್ಕೆ ಕಾರಣರಾದವರು ರಾಣೆಬೆನ್ನೂರಿನ ಕಾಲೇಜೊಂದರ ರಸಾಯನಶಾಸ್ತ್ರ ಉಪನ್ಯಾಸಕ ಡಾಕಪ್ಪನವರು. ತಮ್ಮ ಹೆಸರು ಒಮ್ಮೆಯಾದರೂ ಪತ್ರಿಕೆಯಲ್ಲಿ ಬರಬೇಕೆಂಬುದು ಅವರ ಆಸೆ. ಊರೂರಿನ ಚಹಾ ತರಿಸಿ, ನೇರಳೆ ದ್ರಾವಣಕ್ಕೆ ಹನಿಸಿ, ಯಾವುದು ಎಷ್ಟು ಬಣ್ಣ ಇಳಿಸುತ್ತದೆಂದು ಅಳೆದರು. ಬಣ್ಣ ಇಳಿದಷ್ಟೂ ದೇಹ ಸವೆಯದಂತೆ ಕಾಯುವ ಗುಣ ಹೆಚ್ಚು. ಹಾಲಿನ ಚಹಾಗಳೆಲ್ಲ ಸೋತವು. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಾಜಿರಾಬಿ ಮಾಡುವ ಲಿಂಬಿಹಣ್ಣಿನ ಕರಿ ಚಹಾ ಗೆದ್ದಿತು. ಈ ಗುಣಕ್ಕೆ ಡಾಕಪ್ಪನವರು ಶಾಸ್ತ್ರೋಕ್ತವಾಗಿ 'ಉತ್ಕರ್ಷಣ ನಿರೋಧಕ' ಎಂದು ಬರೆದು ಕಳಿಸಿದರು. ಪತ್ರಿಕೆಯವರು ಜಾಗ ಸಾಲದೆಂದು ಮೊದಲ ಪದ ತೆಗೆದು, 'ಬ್ಯಾಡಗಿ ಚಹಾದಲ್ಲಿ ಭಾರಿ ನಿರೋಧಕ ಗುಣ' ಎಂದು ಅಚ್ಚು ಹಾಕಿದರು. 'ನಿರೋಧ' ಎಂಬ ಮಾತನ್ನು ಜನ ಅಲ್ಲಿಯವರೆಗೆ ಆಸ್ಪತ್ರೆ ಗೋಡೆಯ ಮೇಲೆ, ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಕೆಳಗಷ್ಟೇ ಓದಿದ್ದರು.

ಅದೇ ವಾರ ಹಾಜಿರಾಬಿ ಕಾಲೇಜಿಗೇ ಬಂದಳು.

"ಏನ್ ಬರದೀರಿ ಸಾಹೇಬ್ರ? ಹೊಸದಾಗಿ ಲಗ್ನ ಆದ ಹಮಾಲರು ನನ್ನ ಅಂಗಡಿ ಕಡೆ ಹೊಳ್ಳಿ ನೋಡವಲ್ರು. ಅವರ ತಾಯಂದಿರು ಬಂದು ಬೈದು ಹೋಗ್ಯಾರ. ನನ್ನ ಒಲಿ ಆರೈತಿ."

ಡಾಕಪ್ಪನವರಿಗೆ ನಾಚಿಕೆಯಾಯಿತು. ಆಗಲೇ ಚೌಕಟ್ಟು ಹಾಕಿಸಿದ್ದ ಸುದ್ದಿಯನ್ನು ಗೋಡೆಯಿಂದ ಇಳಿಸಿ, ಅವಳೊಂದಿಗೆ ಹಾವೇರಿಗೆ ಹೋಗಿ, ಕುಟುಂಬ ಯೋಜನೆಯ ಅಧಿಕಾರಿಗಳೆದುರು ನಿಂತರು.

"ಅದು ಆ ನಿರೋಧಕ ಅಲ್ರಿ. ಒಂದು ಪ್ರಕಟಣೆ ಕೊಟ್ಟು ಜನರಿಗೆ ತಿಳಿಸ್ರಿ."

"ತಡಾ ಆತಲ್ರಿ," ಎಂದರು ಅಧಿಕಾರಿಗಳು. "ಗುರಿ ಮುಟ್ಟೇತಿ ಅಂತ ಬೆಂಗಳೂರಿಗೆ ವರದಿ ಹೋಗೇತಿ. ಈ ವರ್ಷ ಈಕಿ ಅಂಗಡ್ಯಾಗ ಮಂದಿ ಕುಡಿದ ಒಂದೊಂದು ಕಪ್ಪಿಗೂ ಒಬ್ಬ ಫಲಾನುಭವಿ ಅಂತ ಬರದೇವಿ. ಈಗ ನೀವು ಅಲ್ಲ ಅಂದ್ರ, ಅಷ್ಟು ಮಂದಿನ್ನ ನಾ ಎಲ್ಲಿಂದ ತರ್ಲಿ?"

"ಹಂಗಾರ ನನ್ನ ಅಂಗಡಿ?" ಎಂದಳು ಹಾಜಿರಾಬಿ.

ಅಧಿಕಾರಿಗಳು ದಯಾಳುಗಳು. ಅಲ್ಲಿಯೇ ಆದೇಶ ಬರೆಸಿದರು: 'ಜಿಲ್ಲೆಯ ಸಮಸ್ತ ಶಿಬಿರಗಳಿಗೆ ಸದರಿ ಚಹಾವನ್ನು ಸದರಿ ಮಹಿಳೆಯಿಂದಲೇ ಪಡೆಯತಕ್ಕದ್ದು. ಹಾಲು ಬೆರೆಸಿದಲ್ಲಿ ಪರಿಣಾಮಕ್ಕೆ ಇಲಾಖೆ ಹೊಣೆಯಲ್ಲ.'

ಹಾಜಿರಾಬಿ ತುಸು ಯೋಚಿಸಿದಳು. "ಖರೇ ಹೇಳ್ಬೇಕಂದ್ರ, ನನ್ನ ಚಹಾದಾಗ ಆ ಗುಣ ಮೊದಲಿಂದ ಐತಿ ಬಿಡ್ರಿ."

ಡಾಕಪ್ಪನವರು ಪ್ರತಿಭಟಿಸಲೆಂದು ಬಾಯಿ ತೆರೆದರು. ಅಷ್ಟರಲ್ಲಿ ಅಧಿಕಾರಿಗಳು ಅವರಿಗೂ ಸನ್ಮಾನವಿದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ ಎಂದರು. ತೆರೆದ ಬಾಯಿಯಿಂದ "ಯಾವಾಗ್ರಿ?" ಎಂದಷ್ಟೇ ಹೊರಟಿತು.

ಸನ್ಮಾನದ ದಿನ ಅವರ ಹೆಂಡತಿ ಇಂದಿರಾಬಾಯಿ ಮುಂದಿನ ಸಾಲಿನಲ್ಲೇ ಕುಳಿತಿದ್ದರು, ತುಂಬು ಬಸುರಿ. ಸಭಿಕರೊಬ್ಬರು ಎದ್ದು, ಇದು ಹೆಂಗ್ರಿ ಎಂದು ಕೇಳಿದರು.

ಡಾಕಪ್ಪನವರು ಕೊರಳಿನ ಹಾರ ಸರಿಪಡಿಸಿಕೊಂಡರು. "ನಮ್ಮ ಮನ್ಯಾಗ ಹಾಲು ಹಾಕ್ತಾರ್ರಿ," ಎಂದರು.

ಸಭೆ ತಲೆದೂಗಿತು. ಮಕ್ಕಳಿಲ್ಲದವರು ಮರುದಿನದಿಂದ ಹಾಲಿನ ಚಹಾ ಕುಡಿಯತೊಡಗಿದರು.